ಬೆಣ್ಣಿಯ ಕುತ್ತಿಗೆ

ನಾಯಿಯ ಕಾಯಿಲೆಯ ಬಗ್ಗೆ ಬರೆಯುತ್ತೇನೆ ಎಂದಾಗ ಮೊದಲು ನಕ್ಕವರು ನಮ್ಮ ಮನೆಯವರೇ. "ಮಂದಿ ತಮ್ಮ ಹಾರ್ಟಿಂದು ಬರೀತಾರ, ಕಿಡ್ನಿದು ಬರೀತಾರ. ನೀ ನಾಯಿದು ಬರಿಯಾಕಿ ಏನು?" ಎಂದರು. ಹೌದು, ನಾಯಿಯದೇ ಬರೆಯುತ್ತೇನೆ. ಬೇಡವಾದವರು ಪುಟ ತಿರುವಿ ಮುಂದೆ ಹೋಗಲಿ, ನನಗೇನೂ ಸಿಟ್ಟಿಲ್ಲ. ಆದರೆ ಎಲ್ಲೋ ಒಂದು ಮನೆಯಲ್ಲಿ ಯಾರೋ ಒಬ್ಬಾಕೆ, ಒಂದೇ ಒಂದು ಮೆಟ್ಟಿಲು ಹತ್ತಲಾರದೆ ಮುಖ ಅಡಿಯಾಗಿ ಬೀಳುವ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು, ನಾನೇ ಏನೋ ತಪ್ಪು ಉಣಿಸಿದೆನೇ ಎಂದು ಒಳಗೊಳಗೇ ಬೇಯುತ್ತಿರಬಹುದು. ಇದು ಆಕೆಗೆ.

ನಾನು ಗಿರಿಜಾ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವಳು. ನಮ್ಮ ಮನೆಯವರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ನಮಗೆ ಒಬ್ಬಳೇ ಮಗಳು, ಸುನಂದಾ. ಆಕೆಯನ್ನು ಅಮರಗೋಳದಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮ ನಾದಿನಿಯ ಮಗನಿಗೇ ಕೊಟ್ಟಿದ್ದೇವೆ. ನಾದಿನಿ ಎಂದರೆ ನಮ್ಮ ಮನೆಯವರ ಅಕ್ಕ, ನೀಲಕ್ಕ. ನನ್ನ ಮಗಳಿಗೆ ಸೋದರತ್ತೆಯೇ ಅತ್ತೆ. ನಮ್ಮ ಕಡೆ ಇದೇನು ಹೇಳಿಕೊಳ್ಳುವಂಥ ಸುದ್ದಿಯಲ್ಲ. ಹುಡುಗಿ ಹುಟ್ಟಿದ ಮೇಲೆ ತೊಟ್ಟಿಲಿಗೆ ಕೈ ಹಚ್ಚಿ "ಇಕಿ ನಮ್ಮಾಕಿ" ಎಂದುಬಿಡುತ್ತಾರೆ. ಆಮೇಲೆ ಅದನ್ನು ಯಾರೂ ಮತ್ತೆ ಎತ್ತುವುದಿಲ್ಲ, ಹುಡುಗಿಯೂ ಎತ್ತುವುದಿಲ್ಲ.

ನೀಲಕ್ಕನ ಮನೆಯಲ್ಲಿ ನಾಯಿಗಳಿಗೂ ಇದೇ ಶಾಸ್ತ್ರ. ಅವರ ಮನೆಗೆ ಮೊದಲು ಬಂದದ್ದು ಮೋತಿ ಎಂಬ ಲ್ಯಾಬ್ರಡಾರ್ ಹೆಣ್ಣು. ಅದರ ವಂಶಾವಳಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು, ಹಿರಿಯರ ಫೋಟೋಗಳ ಸಾಲಿನಲ್ಲೇ. ಮೋತಿಯ ಮೊದಲ ಹೆರಿಗೆಯ ಗಂಡುಮರಿ ನಮ್ಮ ಮನೆಗೆ ಬಂತು, ಅದು ರಾಜಾ. ಮುಂದಿನ ಹೆರಿಗೆಯ ಹೆಣ್ಣುಮರಿ ಅವರಲ್ಲೇ ಉಳಿಯಿತು, ಅದು ಜೂಲಿ. ಜೂಲಿ ಬೆದೆಗೆ ಬಂದಾಗ ಅಳಿಯ ಮಹಾಂತೇಶ ಧಾರವಾಡದಲ್ಲಿ ಒಂದು ಬೇರೆ ಗಂಡು ನೋಡಿಕೊಂಡು ಬಂದಿದ್ದ. ನೀಲಕ್ಕ ಹಾರಿಬಿದ್ದರು. "ಹೊರಗಿನ ನಾಯಿ ಯಾವ ಮನಿದೋ, ಎಂಥಾ ರೋಗದ್ದೋ! ನಮ್ಮ ರಾಜಾ ಇಲ್ಲೇನು? ಕಂಡದ್ದು, ಉಂಡದ್ದು, ನಮ್ಮ ಕೈಯಾಗ ಬೆಳದದ್ದು." ರಾಜಾ ಮತ್ತು ಜೂಲಿ ಒಂದೇ ಹೊಟ್ಟೆಯವು ಎಂಬುದು ಯಾರಿಗೂ ಅಡ್ಡಿ ಎನಿಸಲಿಲ್ಲ. ಎನಿಸುವುದಿರಲಿ, ಅದೇ ಒಂದು ಗುಣ ಎನಿಸಿತು.

ಮರಿಗಳನ್ನು ನೀಲಕ್ಕ ಮಾರುವುದಿಲ್ಲ. "ಹೆಣ್ಣಮಕ್ಕಳನ್ನ ಮಾರ್ತಾರೇನು?" ಎನ್ನುತ್ತಾರೆ. ಸಂಬಂಧಿಕರ ಮನೆಗಳಿಗೇ ಕೊಡುತ್ತಾರೆ, ಅದೂ ಸುಮ್ಮನೆ ಅಲ್ಲ. ಮರಿಯ ಹಣೆಗೆ ಕುಂಕುಮ ಹಚ್ಚಿ, ಒಯ್ಯಲು ಬಂದ ಹೆಣ್ಣುಮಗಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣ ತುಂಬಿ, ಮರಿಯನ್ನು ಆ ಉಡಿಯ ಮೇಲೇ ಕೂರಿಸಿ ಕಳಿಸುತ್ತಾರೆ. ಜೂಲಿಯ ಐದು ಮರಿಗಳಲ್ಲಿ ಹೀಗೆ ನಾಲ್ಕು ನಮ್ಮ ಬಳಗದಲ್ಲೇ ಹಂಚಿಹೋದವು. ರಾಜಾನ ಪಾಲೆಂದು ಐದನೆಯದು ನನ್ನ ಉಡಿಗೆ ಬಂತು. ಬೆಣ್ಣೆಯ ಬಣ್ಣ, ಅಂಗೈ ಅಗಲದ ಮುಖ. ಬೆಣ್ಣಿ ಎಂದೇ ಕರೆದೆವು. ನಾನೂ ಬಾಗಿಲಲ್ಲಿ ಆರತಿ ಎತ್ತಿಯೇ ಒಳಗೆ ಕರೆದುಕೊಂಡೆ.

ಮೊದಲು ಆಕೆ ಸೋಮಾರಿ ಎಂದುಕೊಂಡೆವು. ಚೆಂಡು ಉರುಳಿಸಿದರೆ ನಾಲ್ಕು ಹೆಜ್ಜೆ ಓಡಿ ಕುಳಿತುಬಿಡುತ್ತಿದ್ದಳು. ಹಿಂಗಾಲು ಎರಡನ್ನೂ ಕೂಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದಳು. ಅದನ್ನು ನೋಡಿ ಬ್ಲೌಸ್ ಒಯ್ಯಲು ಬಂದ ಹೆಂಗಸರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಚಳಿ ಬಂತು. ಒಂದು ಬೆಳಗ್ಗೆ ಅಂಗಳದಲ್ಲಿ ಉಚ್ಚೆ ಹೊಯ್ಯಲು ಬಿಟ್ಟವಳು ತಿರುಗಿ ಬರಲೇ ಇಲ್ಲ. ಹೋಗಿ ನೋಡಿದರೆ ಹೊಸ್ತಿಲಿನ ಕೆಳಗಿನ ಮೆಟ್ಟಿಲ ಮೇಲೆ ಗದ್ದ ಇಟ್ಟು ಮಲಗಿದ್ದಾಳೆ, ಕಣ್ಣು ತೆರೆದೇ ಇವೆ, ಬಾಲ ಅಲ್ಲಾಡುತ್ತಿದೆ. ಕುತ್ತಿಗೆ ಮಾತ್ರ ಮೇಲೆ ಬರುತ್ತಿಲ್ಲ.

ಅಲ್ಲಿಂದ ನನ್ನ ನೆಮ್ಮದಿ ಮುಗಿಯಿತು. ಹತ್ತಿರದ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರು. ಕೊಟ್ಟೆ. ಮೊಟ್ಟೆ ಕೊಡು ಎಂದರು. ಲಿಂಗಪೂಜೆ ಮಾಡುವ ಕೈಯಲ್ಲಿ ಮೊಟ್ಟೆಯನ್ನೂ ಬೇಯಿಸಿ ಕೊಟ್ಟೆ. ಎಳ್ಳೆಣ್ಣೆ ತಿಕ್ಕು ಎಂದರು, ಬಿಸಿಲಿಗೆ ಹಾಕು ಎಂದರು, ಒಬ್ಬಾಕೆ ದೃಷ್ಟಿ ತೆಗೆ ಎಂದಳು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೂ ಹಾಕಿದೆ. ನೀಲಕ್ಕನಿಗೆ ಫೋನ್ ಮಾಡಿದರೆ, "ನಮ್ಮ ಮನ್ಯಾಗಿದ್ದಾಗ ಕುದರಿ ಹಂಗ ಇತ್ತು. ನಿಮ್ಮ ಮನಿ ಫರಸಿ ಜಾರ್ತಾವ ನೋಡು, ಅದಕ್ಕ ಕಾಲು ಹಂಗಾಗ್ಯಾವು" ಎಂದರು. ಕಲ್ಲಿನ ನೆಲದ ತುಂಬ ಹಳೆಯ ಗೋಣಿಚೀಲ ಹಾಸಿದೆ. ಗೋಣಿಯ ಮೇಲೂ ಬಿದ್ದಳು.

ಇದರ ನಡುವೆಯೇ ಸುನಂದಾ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಳು. ಏಳು ತಿಂಗಳಾಗಿತ್ತು, ಅಮರಗೋಳದಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ, ಕೈ ತುಂಬ ಹಸಿರು ಬಳೆ ಇಡಿಸಿ ನೀಲಕ್ಕನೇ ಕರೆತಂದು ಬಿಟ್ಟರು. ಹೋಗುವಾಗ ನನ್ನನ್ನು ಅಡುಗೆಮನೆಗೆ ಕರೆದು, "ಬಸರಿ ಕಣ್ಣಿಗೆ ಆ ಮರಿ ಬೀಳಿಸಬ್ಯಾಡ. ಬಿದ್ದು ಒದ್ದಾಡೂದು ನೋಡಿದ್ರ ಒಳಗಿನ ಕೂಸಿಗೆ ಛಲೋ ಅಲ್ಲ. ಹಿತ್ತಲದಾಗ ಕಟ್ಟು" ಎಂದು ಹೇಳಿ ಹೋದರು. ಕಟ್ಟಲು ಆಕೆ ಓಡಿಹೋಗುವ ನಾಯಿಯೇ? ನಾನು ಕಟ್ಟಲಿಲ್ಲ. ಕಟ್ಟಿದ್ದರೂ ಸುನಂದಾ ಬಿಚ್ಚುತ್ತಿದ್ದಳು. ಬಂದ ದಿನದಿಂದ ಬೆಣ್ಣಿ ಮಲಗಿದ್ದು ಅವಳ ಬಾತುಕೊಂಡ ಪಾದಗಳ ಮೇಲೆಯೇ.

"ಅವ್ವಾ, ಇದು ಸೋಗಲಾಡಿ ಅಲ್ಲ. ಇದಕ್ಕ ಏಳಬೇಕಂತ ಮನಸ್ಸೈತಿ, ಮೈ ಮಾತು ಕೇಳವಲ್ದು. ಧಾರವಾಡಕ್ಕ ತೋರಿಸೂಣು ನಡಿ" ಎಂದಳು. ನನಗೂ ಅದೇ ಬೇಕಾಗಿತ್ತು.

ಸಪ್ತಾಪುರದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ನಾಯಿ ಬೆಕ್ಕುಗಳಿಗಷ್ಟೇ ನೋಡುವವರು. ಬಸ್ಸಿನಲ್ಲಿ ಹತ್ತಿಸುವುದಿಲ್ಲವಲ್ಲ, ಆಟೋ ಮಾಡಿಕೊಂಡು ನಾನೂ ನಮ್ಮ ಮನೆಯವರೂ ಹೋದೆವು. ಸುನಂದಾಳನ್ನು ಬೇಡವೆಂದು ಬಿಟ್ಟುಬಂದೆವು. ಆ ಕ್ಲಿನಿಕ್ಕಿನ ಹೊರಗಿನ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಕಾಲೇಜು ಹುಡುಗ ಬಾಡಿಗೆ ಕೋಣೆಯಲ್ಲಿ ಕದ್ದು ಸಾಕಿದ ಬೆಕ್ಕನ್ನು ಬ್ಯಾಗಿನಲ್ಲಿ ತಂದಿದ್ದ. ಒಬ್ಬರು ರಿಟೈರ್ಡ್ ಮಾಸ್ತರರು, ಕುರುಡಾದ ಮುದಿ ಪಾಮೆರೇನಿಯನ್ ತಂದಿದ್ದರು. ಯಾರ ಮರಿ ಹುಷಾರಿದೆ, ಯಾರದು ಇಲ್ಲ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನನ್ನ ಮಡಿಲಿನಿಂದ ಬೆಣ್ಣಿಯ ತಲೆ ಜೋಲುತ್ತಿದ್ದುದನ್ನು ನೋಡಿ ಮಾಸ್ತರರು ತಮ್ಮ ಮಫ್ಲರ್ ಬಿಚ್ಚಿ ಸುರುಳಿ ಸುತ್ತಿ ಗದ್ದದ ಕೆಳಗೆ ಇಟ್ಟರು. "ಇರಲಿ ಬಿಡ್ರಿ, ನನಗೇನು ಅಷ್ಟ ಚಳಿ ಆಗಾಕತ್ತಿಲ್ಲ" ಎಂದರು. ಸುಳ್ಳು. ಅವರ ತುಟಿ ನಡುಗುತ್ತಿತ್ತು.

ಡಾಕ್ಟರಮ್ಮ ಬೆಣ್ಣಿಯ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ಮತ್ತೊಂದು ಕಾಲಿಗೆ ತಟ್ಟಿದರು. ಅದೂ ಅಲುಗಲಿಲ್ಲ. ತೊಡೆ ಮುಟ್ಟಿ ನೋಡಿದರು, ನೆತ್ತಿ ಮುಟ್ಟಿ ನೋಡಿದರು, ಅಲ್ಲಿ ಮಾಂಸ ಕರಗಿ ಎಲುಬು ಕೈಗೆ ಸಿಗುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಕೇಳಿದರು, "ಇದರ ತಂದಿ ತಾಯಿ ಎಲ್ಲಿವ್ರಿ?"

"ನಮ್ಮವ ಅದಾವ್ರಿ" ಎಂದೆ ಹೆಮ್ಮೆಯಿಂದ. "ತಂದಿ ನಮ್ಮ ಮನ್ಯಾಗ, ತಾಯಿ ನಮ್ಮ ನಾದಿನಿ ಮನ್ಯಾಗ. ಎರಡೂ ಒಂದ ತಾಯಿ ಮರಿ. ಹೊರಗಿನ್ದು ಏನೂ ಕೂಡಿಲ್ರಿ."

ಅವರು ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಹೇಳಿದ್ದು ಇಷ್ಟು. ಇದು ಎರಡರಲ್ಲಿ ಒಂದು ಇರಬಹುದು. ಸ್ನಾಯುಗಳಿಗೆ ಸೋಂಕು ತಗುಲಿದ್ದರೆ ಔಷಧವಿದೆ, ಏಳುತ್ತಾಳೆ. ಇಲ್ಲವಾದರೆ ಇದು ಹುಟ್ಟಿನಿಂದ ಬಂದದ್ದು, ಈ ಜಾತಿಯಲ್ಲಿ ರಕ್ತದಲ್ಲೇ ಇಳಿದು ಬರುವಂಥದ್ದು. ಅದಕ್ಕೆ ಔಷಧವಿಲ್ಲ. ಯಾವುದು ಎಂದು ತಿಳಿಯಲು ಕೆನ್ನೆಯ ಒಳಗಿನಿಂದ ಸ್ವಲ್ಪ ಒರೆಸಿ ತೆಗೆದು ದೂರದ ಲ್ಯಾಬಿಗೆ ಕಳಿಸಬೇಕು. ಬರಲು ತಡವಾಗುತ್ತದೆ. ಅಲ್ಲಿಯವರೆಗೆ ಸೋಂಕಿನ ಗುಳಿಗೆಯನ್ನು ಕೊಡುತ್ತಿರಿ.

ಹಲ್ಲುಜ್ಜುವ ಬ್ರಷ್ಷಿನಂಥ ಸಣ್ಣದೊಂದು ಕಡ್ಡಿ. ಅದನ್ನು ಬೆಣ್ಣಿಯ ದವಡೆಯೊಳಗೆ ತಿರುವಿದಾಗ ಆಕೆ ಆಟವೆಂದು ಅದನ್ನು ನೆಕ್ಕಿದಳು. ನನಗೆ ಕಣ್ಣೀರು ತಡೆಯಲಾಗಲಿಲ್ಲ. ನಮ್ಮ ಮನೆಯವರು, "ನಾಯಿ ಮುಂದ ಅಳ್ತಾರೇನ? ಅದು ಅಂಜತೈತಿ" ಎಂದು ಗದರಿದರು.

ಕಾಯುವುದು ಎಂದರೇನು ಎಂದು ಕಾಯ್ದವರಿಗೇ ಗೊತ್ತು. ಹೊಲಿಗೆ ಮಷೀನಿನ ಮುಂದೆ ಕುಳಿತರೆ ತೋಳು ತಿರುವುಮುರುವು ಹಚ್ಚುತ್ತಿದ್ದೆ. ಫೋನ್ ಬಂದರೆ ಹೊಲಿಗೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ. ಗಿರಾಕಿಗಳು "ನನ್ನ ಬ್ಲೌಸ್ ಆತೇನ್ರಿ?" ಎಂದು ಕೇಳಿದರೆ ಮೈ ಉರಿಯುತ್ತಿತ್ತು. ಆಗಿಲ್ಲವಾ, ಆಗೂದಿಲ್ಲ, ಬೇರೆ ಕಡೆ ಹೊಲಿಸಿಕೋ ಎಂದು ಇಬ್ಬರಿಗೆ ಹೇಳಿಯೂಬಿಟ್ಟೆ. ನಾನು ಬೇಡಿಕೊಂಡದ್ದು ಎಂಥದ್ದು ನೋಡಿ. ದೇವರೇ, ನನ್ನ ಮರಿಗೆ ಸೋಂಕೇ ಆಗಿರಲಿ. ಜ್ವರ ಬರಲಿ, ಕೀವು ಆಗಲಿ, ಏನಾದರೂ ಒಂದು ಹೊರಗಿನಿಂದ ಬಂದದ್ದಾಗಿರಲಿ. ಮಠಕ್ಕೆ ಹೋಗಿ ಹರಕೆ ಹೊತ್ತೆ, ರೋಗಕ್ಕಾಗಿ ಹರಕೆ! ಅಯ್ಯನವರು ಏನು ಬೇಡಿಕೊಂಡೆ ತಂಗಿ ಎಂದು ಕೇಳಿದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದುಬಿಟ್ಟೆ.

ಅಷ್ಟರಲ್ಲಿ ಬೆಣ್ಣಿಗೆ ನುಂಗುವುದೂ ಕಷ್ಟವಾಯಿತು. ತಿಂದದ್ದು ಗಂಟಲಲ್ಲೇ ನಿಂತು ಹೊರಗೆ ಬರುತ್ತಿತ್ತು. ಡಾಕ್ಟರಮ್ಮ ಫೋನಿನಲ್ಲೇ ಹೇಳಿಕೊಟ್ಟರು. ಕೂಸಿಗೆ ತೇಗು ಬರಿಸುವಾಗ ಎತ್ತಿಕೊಳ್ಳುವ ಹಾಗೆ ನೆಟ್ಟಗೆ ಹಿಡಿದು ಉಣಿಸಬೇಕು. ಉಂಡ ಮೇಲೂ ಬಹಳ ಹೊತ್ತು ಕೆಳಗೆ ಇಳಿಸಕೂಡದು, ಇಲ್ಲದಿದ್ದರೆ ಅನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಅಂದಿನಿಂದ ನಾನು ಗಂಜಿ ಉಣಿಸಿ, ಆಕೆಯ ಎದೆಯನ್ನು ನನ್ನ ಎದೆಗೆ ಒತ್ತಿ, ಒಂದು ಕೈ ಕುತ್ತಿಗೆಯ ಹಿಂದೆ ಇಟ್ಟು ಮನೆಯ ತುಂಬ ಅಡ್ಡಾಡುತ್ತಿದ್ದೆ. ನನ್ನ ಕೈ ಸೋತರೆ ಸುನಂದಾ ತನ್ನ ದೊಡ್ಡ ಹೊಟ್ಟೆಯ ಮೇಲೇ ಕೂರಿಸಿಕೊಂಡು ಹಿಡಿಯುತ್ತಿದ್ದಳು. ಒಳಗಿನ ಕೂಸು ಒದ್ದರೆ ಬೆಣ್ಣಿ ಕಿವಿ ನಿಮಿರಿಸುತ್ತಿದ್ದಳು. "ನೋಡವಾ, ಇಬ್ಬರೂ ಜಗಳಾಡಾಕತ್ತಾರ" ಎಂದು ಸುನಂದಾ ನಗುತ್ತಿದ್ದಳು. ಆ ನಗು ಕೇಳಿದರೆ ನನಗೂ ಒಂದಿಷ್ಟು ಊಟ ಇಳಿಯುತ್ತಿತ್ತು.

ಫಲಿತಾಂಶ ಬಂದಾಗ ನಾನು ಒಬ್ಬಾಕೆಯ ಅಳತೆ ತೆಗೆದುಕೊಳ್ಳುತ್ತಿದ್ದೆ. ಟೇಪು ಆಕೆಯ ತೋಳಿನ ಮೇಲಿತ್ತು. ಫೋನಿನಲ್ಲಿ ಡಾಕ್ಟರಮ್ಮ, "ಗಿರಿಜಾ ಅವರ, ಕುಂತು ಮಾತಾಡ್ರಿ" ಎಂದರು. ಕುಳಿತುಕೊಳ್ಳಿ ಎಂದ ಮೇಲೆ ಕೇಳುವುದೇನು ಉಳಿಯಿತು?

ಹುಟ್ಟಿನದೇ. ತಂದೆಯ ಕಡೆಯಿಂದ ಒಂದು ಪಾಲು, ತಾಯಿಯ ಕಡೆಯಿಂದ ಒಂದು ಪಾಲು.

"ಆದ್ರ ರಾಜಾಗ ಏನೂ ಆಗಿಲ್ರಿ, ಜೂಲಿಗೂ ಏನೂ ಆಗಿಲ್ಲ. ಎರಡೂ ಗಟ್ಟಿ ಅದಾವು!" ಎಂದು ನಾನು ಜಗಳಕ್ಕೇ ನಿಂತೆ.

"ಒಂದ ಪಾಲು ಇದ್ರ ಏನೂ ಆಗೂದಿಲ್ರಿ. ಹೊರಗ ಗೊತ್ತ ಆಗೂದಿಲ್ಲ. ಅವೆರಡರ ತಾಯಿ ಕಡೆಯಿಂದ ಇಬ್ಬರಿಗೂ ಬಂದಿರಬೇಕು. ಅಂಥವೆರಡು ಕೂಡಿದಾಗ ಮರಿಗೆ ಎರಡೂ ಪಾಲು ಬೀಳಬಹುದು. ನೀವು ಉಣಿಸಿದ್ದರಿಂದ ಅಲ್ಲ, ಬೀಳಿಸಿದ್ದರಿಂದ ಅಲ್ಲ, ನಿಮ್ಮ ಫರಸಿಯಿಂದನೂ ಅಲ್ಲ." ಆಮೇಲೆ ಮೆಲ್ಲಗೆ, "ಉಳದ ಮರಿಗಳನ್ನೂ ಪರೀಕ್ಷಾ ಮಾಡಿಸಬೇಕ್ರಿ. ಜೂಲಿನ್ನ ಮತ್ತ ಕೂಡಿಸಬ್ಯಾಡ್ರಿ" ಎಂದರು.

ನನ್ನ ತಪ್ಪಲ್ಲ ಎಂದು ಕೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ತಪ್ಪಿದ್ದರೆ ತಿದ್ದಬಹುದಿತ್ತು. ಗುಳಿಗೆಯ ಡಬ್ಬಿಯನ್ನು ತೆಗೆದು ಹಿತ್ತಲಿಗೆ ಒಗೆದೆ. ಸುನಂದಾ ಮಲಗಿದ್ದಳು. ಆಕೆಗೆ ಹೇಳಕೂಡದು ಎಂದು ನಾನೂ ನಮ್ಮ ಮನೆಯವರೂ ಮಾತಾಡಿಕೊಂಡೆವು. ಏಕೆ ಹೇಳಕೂಡದು ಎಂದು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಇಬ್ಬರಿಗೂ ಹೊಳೆದದ್ದು ಒಂದೇ, ಹೊಳೆಯಬಾರದಿತ್ತು. ಒಳಗೆ ಮಲಗಿದ್ದವಳ ಹೊಟ್ಟೆಯಲ್ಲಿದ್ದ ಕೂಸೂ ಒಂದೇ ಮನೆಯ ಎರಡು ಕೊಂಬೆಗಳದ್ದು.

ಆದರೆ ನೀಲಕ್ಕನಿಗೆ ಹೇಳಲೇಬೇಕಾಗಿತ್ತು. ಜೂಲಿಗೆ ಮತ್ತೆ ಬೆದೆ ಬರುವ ಕಾಲ, ರಾಜಾನನ್ನು ಕಳಿಸಿ ಎಂದು ಅವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಗದಗಿನ ನೆಂಟರಿಗೆ ಮರಿ ಕೊಡುತ್ತೇನೆಂದು ಮಾತೂ ಕೊಟ್ಟಾಗಿತ್ತು. ನಮ್ಮ ಮನೆಯವರು ಫೋನಿನಲ್ಲಿ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವರು ಕಾರು ಹತ್ತಿದ್ದರು. ಕೇಶ್ವಾಪುರದ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಒಳಗೆ ನುಗ್ಗಿದರು.

"ಏನ ಗಿರಿಜಾ, ನಮ್ಮ ಮನಿ ರಕ್ತ ಕೆಟ್ಟೈತೇನು? ಯಾವಾಕೀ ಆಕಿ ಡಾಕ್ಟರು? ಮೋತಿ ಸರ್ಟಿಫಿಕೇಟ್ ನೋಡ್ಯಾಳೇನು?"

"ಅಕ್ಕಾರ, ಸ್ವಲ್ಪ ಮೆಲ್ಲಕ ಮಾತಾಡ್ರಿ. ಒಳಗ ಸುನಿ ಮಲಗ್ಯಾಳ."

"ಮಲಗಲಿ! ನಾಯಿಗೆ ಕಫಾ ಆತು, ನೀವು ನಮ್ಮ ಜೂಲಿಗೆ ಕಳಂಕ ಹಚ್ಚಾಕತ್ತೀರಿ. ನಾ ಬಳಗದಾಗ ಹೆಂಗ ತಲಿ ಎತ್ತಲಿ?"

"ಕಳಂಕ ಅಲ್ರಿ. ಒಂದ ಹೊಟ್ಟಿವು ಕೂಡಿಸಿದ್ದಕ್ಕ ಹಿಂಗಾತಂತ, ಅಷ್ಟ ಹೇಳಿದ್ರು. ಮತ್ತೊಮ್ಮೆ ಕೂಡಿಸೂದ ಬ್ಯಾಡ."

ನೀಲಕ್ಕನ ಬಾಯಿ ಮೊದಲಿಂದಲೂ ಹಾಗೆಯೇ, ಮನಸ್ಸಿಗಿಂತ ಮುಂದೆ ಓಡುತ್ತದೆ. "ಸನೀಪದವು ಕೂಡಿದ್ರ ಹುಟ್ಟಿದ್ದು ಕೆಡತೈತಿ ಅನ್ನಾಕತ್ತೀರಿ ಹೌದಲ್ಲ? ಹಂಗಾದ್ರ ನಾನೂ ನನ್ನ ತಮ್ಮನ ಮಗಳನ್ನ ತಂದೇನಿ! ಹಂಗಾದ್ರ ನಮ್ಮ ಮನಿ ಕೂಸು..."

ಅಲ್ಲಿಗೆ ನಿಂತರು. ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿದರು. ಒಳಕೋಣೆಯ ಬಾಗಿಲಲ್ಲಿ ಸುನಂದಾ ನಿಂತಿದ್ದಳು, ಬೆಣ್ಣಿಯನ್ನು ಎದೆಗೆ ಅವಚಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಆಕೆ ಅಳಲಿಲ್ಲ, ಅತ್ತೆಯ ಮೇಲೆ ಸಿಟ್ಟಾಗಲಿಲ್ಲ. ನನ್ನನ್ನೇ ನೋಡಿ ಕೇಳಿದಳು, "ಅವ್ವಾ, ಈ ನಾಯಿ ಸಲುವಾಗಿ ಇಷ್ಟ ಮಂದಿನ್ನ ಕೇಳಿದಿ, ಎಲ್ಲೆಲ್ಲೋ ಪರೀಕ್ಷಾ ಮಾಡಿಸಿದಿ. ನನ್ನ ಕೊಡಬೇಕಾದ್ರ ಯಾರಿಗರೆ ಏನರೆ ಕೇಳಿದ್ದೇನು?"

ಏನನ್ನು ಕೇಳಬೇಕಿತ್ತು ಎಂಬುದೇ ನಮಗೆ ಗೊತ್ತಿರಲಿಲ್ಲವಲ್ಲ! ಹುಡುಗ ಕುಡಿಯುವುದಿಲ್ಲ, ಮನೆ ಕಂಡದ್ದು, ಅತ್ತೆ ನಮ್ಮವಳೇ, ಮಗಳು ಕಣ್ಣಳತೆಯಲ್ಲಿ ಇರುತ್ತಾಳೆ, ಇಷ್ಟೇ ನೋಡಿದ್ದೆವು. ಅದಕ್ಕಿಂತ ಹೆಚ್ಚು ನೋಡುವುದು ಇದೆ ಎಂದು ಹೇಳಿದವರೇ ಇರಲಿಲ್ಲ. ನೀಲಕ್ಕ ಚಹಾ ಕೂಡ ಮುಟ್ಟದೆ ಎದ್ದು ಹೋದರು. ಸುನಂದಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅಂದಿನಿಂದ ಅಳಿಯ ದಿನಾ ಸಂಜೆ ಬಂದು ಕೂರುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಬೆಣ್ಣಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಮ್ಮೆ ಅವನು ಆಕೆಯ ಹೊಟ್ಟೆಯ ಮೇಲೆ ಕೈ ಇಟ್ಟು, "ಒದೀತೈತಲ್ಲ? ಜೋರ ಒದೀತೈತಲ್ಲ?" ಎಂದು ಕೇಳುವುದು ಅಡುಗೆಮನೆಗೆ ಕೇಳಿಸಿತು. ಒಂದು ವಾರದ ಹಿಂದೆ ಆ ಒದೆತಕ್ಕೆ ಎಲ್ಲರೂ ನಗುತ್ತಿದ್ದೆವು. ಈಗ ಅದು ಸ್ವಲ್ಪ ಹೊತ್ತು ನಿಂತರೆ ಮನೆಮಂದಿಯ ಉಸಿರೇ ನಿಲ್ಲುತ್ತಿತ್ತು.

ಬೆಣ್ಣಿ ದಿನದಿನಕ್ಕೆ ಹಗುರಾಗುತ್ತಾ ಹೋದಳು. ಈ ಕಾಯಿಲೆಯಲ್ಲಿ ಬಹಳ ನಾಯಿಗಳು ಹಾಗೂ ಹೀಗೂ ವರುಷಗಟ್ಟಲೆ ಬದುಕುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದರು, ಅದನ್ನೇ ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೆ. ನಮ್ಮ ಬೆಣ್ಣಿಗೆ ಆ ಭಾಗ್ಯ ಇರಲಿಲ್ಲ. ಎಷ್ಟು ಎಚ್ಚರದಿಂದಿದ್ದರೂ ಒಂದು ತುತ್ತು ಶ್ವಾಸಕೋಶಕ್ಕೆ ಇಳಿಯಿತು, ಎದೆ ಗೊರಗೊರ ಎನ್ನತೊಡಗಿತು. ಇಂಜೆಕ್ಷನ್ ಮಾಡಿಸಿ ತಂದೆವು. ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸಿಬಿಡಬಹುದು, ನೋವಾಗುವುದಿಲ್ಲ ಎಂದೂ ಡಾಕ್ಟರಮ್ಮ ಹೇಳಿದರು. ನಾನು ಬೇಡ ಎಂದೆ. ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮುಂದೆ ಆ ಮಾತು ಬಂದರೆ ನನ್ನನ್ನು ಕೇಳಬೇಡಿ, ನಿಮ್ಮ ಮರಿಯ ಕಣ್ಣು ನೋಡಿ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಎರಡು ಚಮಚ ಗಂಜಿ ನೆಕ್ಕಿದಳು. ಯಾವಾಗಿನಂತೆ ಎದೆಗೆ ಒತ್ತಿ ಹಿಡಿದು ಅಡ್ಡಾಡಿದೆ. ಇಂದು ತುಂಬ ಶಾಂತವಾಗಿದ್ದಾಳೆ, ಕೆಮ್ಮು ಇಲ್ಲ ಎಂದು ಖುಷಿಯಾಯಿತು. ಕಿಟಕಿಯ ಬಳಿ ನಿಂತು ಹೂವಿನವಳನ್ನು ತೋರಿಸಿದೆ, ಎದುರು ಮನೆಯ ಬೆಕ್ಕನ್ನು ತೋರಿಸಿದೆ, ಏನೇನೋ ಮಾತಾಡಿದೆ. ಸುನಂದಾ ಬಂದು ಹಿಂದಿನಿಂದ ಬೆಣ್ಣಿಯ ಮುಖ ನೋಡಿದಳು. "ಅವ್ವಾ, ಕೊಡಿಲ್ಲೆ" ಎಂದಳು. ಯಾಕ ಎಂದೆ. "ಕೊಡವಾ" ಎಂದು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಎಷ್ಟೋ ಹೊತ್ತಿನಿಂದ ನಾನೊಬ್ಬಳೇ ಮಾತಾಡುತ್ತಿದ್ದೆ ಎಂದು ಆಗ ತಿಳಿಯಿತು.

ಹಿತ್ತಲಲ್ಲಿ ಮಣ್ಣು ಮಾಡಿದೆವು. ನಮ್ಮ ಮನೆಯವರು ಗುದ್ದಲಿ ಹಿಡಿದು ನಿಂತು ಹುಡುಗರ ಹಾಗೆ ಅತ್ತರು. ಮೂವತ್ತು ವರುಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಸುದ್ದಿ ಅಮರಗೋಳಕ್ಕೆ ಹೋಯಿತು. ನೀಲಕ್ಕ ಬರಲಿಲ್ಲ, ಫೋನೂ ಮಾಡಲಿಲ್ಲ. ನಾನೂ ಮಾಡಲಿಲ್ಲ, ಮಾಡಿದ್ದರೆ ಜಗಳವೇ ಆಗುತ್ತಿತ್ತು. ಆಮೇಲೆ ಒಂದು ದಿನ ಡಾಕ್ಟರಮ್ಮನಿಂದಲೇ ಫೋನ್ ಬಂತು. "ಗಿರಿಜಾ ಅವರ, ನಿಮ್ಮ ಬಳಗದವರು ಭಾಳ ಮಂದಿ ಬಂದಾರ್ರಿ. ನೀವೂ ಒಂದೀಟು ಬರ್ರಿ, ನನಗ ಒಬ್ಬಾಕಿಗೆ ಆಗವಲ್ದು" ಎಂದರು.

ಹೋಗಿ ನೋಡಿದರೆ ಸಪ್ತಾಪುರದ ಆ ಕ್ಲಿನಿಕ್ಕಿನ ಮುಂದೆ ಮದುವೆ ದಿಬ್ಬಣ ಇಳಿದಂತಿತ್ತು. ಬೆಣ್ಣಿಯ ಒಡಹುಟ್ಟಿದ ನಾಲ್ಕೂ ಮರಿಗಳನ್ನು, ಅವುಗಳ ಮನೆಯವರ ಸಮೇತ, ನೀಲಕ್ಕ ಎಲ್ಲೆಲ್ಲಿಂದಲೋ ಎಬ್ಬಿಸಿಕೊಂಡು ಬಂದಿದ್ದರು. ಗದಗಿನ ನೆಂಟರಿಗೆ ಮರಿ ಇಲ್ಲ ಎಂದು ಮುಖಕ್ಕೆ ಹೇಳಿಯೂ ಬಂದಿದ್ದರಂತೆ. ನಮ್ಮ ಮನೆಯವರ ಚಿಕ್ಕಪ್ಪನ ಮಗ, "ಹುಷಾರಿರೋ ನಾಯಿಗೆ ಏನ ಪರೀಕ್ಷಾ ಅಕ್ಕಾ, ನಿನಗ ಮಳ್ಳ ಹಿಡದೈತಿ" ಎಂದು ಗೊಣಗುತ್ತಿದ್ದ. ನೀಲಕ್ಕ, "ಸುಮ್ನ ಬಾಯಿ ಮುಚ್ಚಿಕೊಂಡು ಅದರ ಬಾಯಿ ತಗಿ" ಎಂದು ಜಬರಿಸುತ್ತಿದ್ದರು. ಜೂಲಿಯನ್ನು ಆಪರೇಷನ್ನಿಗೆ ಒಳಗೆ ಒಯ್ಯಲಾಗಿತ್ತು, ಇನ್ನು ಮರಿ ಹಾಕದ ಹಾಗೆ.

ನನ್ನನ್ನು ನೋಡಿ ನೀಲಕ್ಕ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ನಾನು ಕುಳಿತೆ. ಎಲ್ಲ ಮರಿಗಳ ಕೆನ್ನೆ ಒರೆಸಿ ಮುಗಿದ ಮೇಲೆ ಅವರು ಎದ್ದು, ಸೆರಗು ಸರಿಮಾಡಿಕೊಂಡು, ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು.

"ಡಾಕ್ಟರ್ ಬಾಯಾರ, ನಾಯಿಂದೆಲ್ಲಾ ಆತು" ಎಂದರು. ಅಷ್ಟು ಸಣ್ಣ ದನಿ ಅವರದು ನಾನು ಕೇಳಿರಲಿಲ್ಲ. "ಇದನ್ನ ಮನಷ್ಯಾರಿಗೆ ಎಲ್ಲಿ ಮಾಡ್ತಾರ ಹೇಳ್ರಿ. ನನ್ನ ಮಗಾ, ಸೊಸಿ. ತಿಂಗಳು ತುಂಬಾಕ ಬಂದೈತಿ."

ಡಾಕ್ಟರಮ್ಮ ಚೀಟಿಯಲ್ಲಿ ಒಂದು ಆಸ್ಪತ್ರೆಯ ಹೆಸರು ಬರೆದುಕೊಟ್ಟರು. ಮರುದಿನವೇ ಹೋದೆವು, ಮಕ್ಕಳಿಬ್ಬರು, ನಾವು ಅವ್ವಂದಿರಿಬ್ಬರು. ಅಲ್ಲಿಯ ಡಾಕ್ಟರು ಗದರಲಿಲ್ಲ, ನಗಲಿಲ್ಲ. ಇಂಥ ಮದುವೆಯಲ್ಲಿ ಹುಟ್ಟುವ ಬಹಳಷ್ಟು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂದರು, ಅಪಾಯ ಸ್ವಲ್ಪ ಹೆಚ್ಚು ಎಂಬುದೂ ಸುಳ್ಳಲ್ಲ ಎಂದರು. ಇಬ್ಬರ ರಕ್ತ ತೆಗೆದುಕೊಂಡರು. ಮತ್ತೆ ಕಾಯ್ದೆವು. ಕೊನೆಗೆ ಬಂದ ಉತ್ತರ ಇದು. ನಾವು ಹುಡುಕಿದ್ದರಲ್ಲಿ ಏನೂ ಸಿಕ್ಕಿಲ್ಲ, ಆದರೆ ಎಲ್ಲವನ್ನೂ ಹುಡುಕಲು ಆಗುವುದಿಲ್ಲ. ನೀಲಕ್ಕ ಮೊದಲರ್ಧ ಕೇಳಿ ಕೈ ಮುಗಿದರು. ಸುನಂದಾ ಎರಡನೆಯ ಅರ್ಧವನ್ನೇ ಹಿಡಿದುಕೊಂಡಳು.

ಹೆರಿಗೆಯಾಯಿತು, ಹೆಣ್ಣು. ನರ್ಸು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಆಕೆ ಕೊಡುವಾಗ ಕೂಸಿನ ತಲೆ ಒಂದು ಕಡೆ ವಾಲಿತು. ಅಷ್ಟೇ. ನಾನೂ ನೀಲಕ್ಕನೂ ಒಟ್ಟಿಗೇ "ಯವ್ವಾ!" ಎಂದು ಚೀರಿ ಮುಂದೆ ಬಾಗಿದೆವು. ಇಬ್ಬರ ಅಂಗೈಯೂ ಒಂದರ ಮೇಲೊಂದು ಕೂಸಿನ ಕುತ್ತಿಗೆಯ ಕೆಳಗೆ ಹೋದವು.

ನರ್ಸಿಗೆ ನಗು ಬಂತು. "ಏನ್ರೀ ಅಜ್ಜಿ, ಕೂಸು ಎಂದೂ ನೋಡಿಲ್ಲೇನ್ರಿ? ಹುಟ್ಟಿದ ಕೂಸಿನ ಕುತ್ತಿಗಿ ಹಿಂಗ ಇರತೈತಿ. ನಿಲ್ಲಾಕ ಇನ್ನೂ ಮೂರ ತಿಂಗಳು ಬೇಕು."

ನಮಗೆ ಗೊತ್ತಿರಲಿಲ್ಲವೇ? ಮಕ್ಕಳನ್ನು ಹಡೆದು ಬೆಳೆಸಿದವರು ನಾವು. ಎಲ್ಲ ಗೊತ್ತಿತ್ತು. ಆದರೂ ಕೈ ತೆಗೆಯಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಕೂಸಿಗೆ ಈಗ ಒಂದು ತಿಂಗಳು ತುಂಬಿದೆ, ಕುತ್ತಿಗೆ ನಿಲ್ಲಲು ಇನ್ನೂ ಎರಡು ತಿಂಗಳಿದೆ.